ಕ್ಯಾಂಪಸ್ಸಿನ ಉಚಿತ ರಾಕ್ ಕಾರ್ಯಕ್ರಮಕ್ಕೆ ಹೋಗುವವರಿಗೆ: ಪಾಸ್‌ನಿಂದ ಕೊನೆಯ ಲೋಕಲ್‌ವರೆಗೆ

ಡಿಸೆಂಬರ್ ಹತ್ತಿರ ಬಂತೆಂದರೆ ಮುಂಬಯಿಯ ಕಾಲೇಜುಗಳ ಉಚಿತ ರಾಕ್, ಇಂಡೀ ಕಾರ್ಯಕ್ರಮಗಳ ಬಗ್ಗೆ ಇಲ್ಲಿನ ಕನ್ನಡಿಗರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ‘ಫ್ರೀ ಅಂತಾರಲ್ಲ, ನಿಜವಾಗಿ ಫ್ರೀನಾ?’ ‘ಕಾಲೇಜು ಬಿಟ್ಟು ಹತ್ತು ವರ್ಷ ಆಯ್ತು, ನನ್ನನ್ನು ಒಳಗೆ ಬಿಡ್ತಾರಾ?’ ‘ಮಗಳು ಗೆಳತಿಯರ ಜೊತೆ ಹೋಗ್ತೀನಿ ಅಂತಿದ್ದಾಳೆ, ರಾತ್ರಿ ಡೊಂಬಿವಲಿಗೆ ವಾಪಸ್ ಬರೋದು ಹೇಗೆ?’ ಪ್ರತಿ ವರ್ಷ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಊರಲ್ಲಿ ಹರಕೆಯ ಯಕ್ಷಗಾನದ ಆಟಕ್ಕೆ ಹೋಗಿ ಅಭ್ಯಾಸವಿರುವ ನಮಗೆ ‘ಉಚಿತ’ ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಅಲ್ಲಿ ಗದ್ದೆಯಲ್ಲಿ ಚಾಪೆ ಹಾಸಿ ಕೂತರೆ ನೀವು ಯಾರ ಮನೆಯವರು ಎಂದು ಕೂಡ ಯಾರೂ ಕೇಳುವುದಿಲ್ಲ. ಕ್ಯಾಂಪಸ್ಸಿನಲ್ಲಿ ಟಿಕೆಟ್ ಇಲ್ಲದಿರಬಹುದು, ಗೇಟ್ ಮಾತ್ರ ಇದ್ದೇ ಇರುತ್ತದೆ. ಹಣ ಉಳಿದಷ್ಟೂ ಪೂರ್ವತಯಾರಿ ಹೆಚ್ಚು ಬೇಕಾಗುತ್ತದೆ.

‘ಇಂಡೀ’ ಎಂದರೇನು ಎಂದು ಕೇಳುವವರಿಗೆ: ಇಂಡಿಪೆಂಡೆಂಟ್ ಎಂಬುದರ ಚುಟುಕು ರೂಪ. ಸಿನಿಮಾಕ್ಕಾಗಿಯಲ್ಲದೆ, ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ, ತಾವೇ ಬರೆದು, ತಮ್ಮದೇ ಖರ್ಚಿನಲ್ಲಿ ರೆಕಾರ್ಡ್ ಮಾಡಿ ಹಾಡುವ ತಂಡಗಳು. ಇದು ನಮಗೆ ಸಂಬಂಧವಿಲ್ಲದ ಇಂಗ್ಲಿಷ್ ಗದ್ದಲ ಎಂದುಕೊಳ್ಳಬೇಡಿ. ಬೆಂಗಳೂರಿನ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ ನುಡಿಸುತ್ತಿದೆ. ಸ್ವರಾತ್ಮ ಕನ್ನಡದಲ್ಲೂ ಹಾಡುತ್ತದೆ. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ದೇಶವಿದೇಶದ ವೇದಿಕೆಗಳಿಗೆ ಒಯ್ದಿದೆ.

ಮುಂಬಯಿಗೆ ಬಂದರೆ, ಪೊವಾಯಿಯ ಐಐಟಿಯ ಮೂಡ್ ಇಂಡಿಗೊ ಎಲ್ಲಕ್ಕಿಂತ ದೊಡ್ಡದು. ಡಿಸೆಂಬರ್‌ನಲ್ಲಿ ನಡೆಯುತ್ತದೆ, ಹುಡುಗರು ‘ಮೂಡ್ ಐ’ ಎನ್ನುತ್ತಾರೆ. ಬ್ರಿಟನ್ನಿನ ಪೊರ್ಕ್ಯುಪೈನ್ ಟ್ರೀಯಂಥ ತಂಡ 2009ರಲ್ಲಿ ಅಲ್ಲಿ ನುಡಿಸಿದೆ. ಹೊಸ ತಂಡಗಳ ನಡುವಿನ ಲೈವ್‌ವೈರ್ ಎಂಬ ಸ್ಪರ್ಧೆಯೂ ಅಲ್ಲಿಯದೇ. ನನ್ನನ್ನು ಕೇಳಿದರೆ ದೊಡ್ಡ ಹೆಸರಿನ ರಾತ್ರಿಗಿಂತ ಆ ಸ್ಪರ್ಧೆಯೇ ಇಂಡೀ ಸಂಗೀತ ಕೇಳಲು ಒಳ್ಳೆಯ ಜಾಗ. ದಕ್ಷಿಣ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಮಲ್ಹಾರ್ ಆಗಸ್ಟ್‌ನಲ್ಲಿ, ಅಂದರೆ ಮಳೆಯ ನಡುವೆ. ಇವೆರಡಲ್ಲದೆ ಮಳೆ ನಿಂತ ಮೇಲೆ ಫೆಬ್ರವರಿಯವರೆಗೂ ಒಂದಲ್ಲ ಒಂದು ಕಾಲೇಜಿನಲ್ಲಿ ಏನಾದರೂ ನಡೆಯುತ್ತಲೇ ಇರುತ್ತದೆ. ಈ ಬರಹದಲ್ಲಿ ಹೆಚ್ಚಿನ ಉದಾಹರಣೆ ಪೊವಾಯಿಯದು. ಉಳಿದ ಕಡೆಗೂ ಕ್ರಮ ಬಹುಮಟ್ಟಿಗೆ ಇದೇ.

1. ಯಾರಿಗೆ ಉಚಿತ ಎಂದು ಮೊದಲು ನೋಡಿ

ಪೋಸ್ಟರ್‌ನಲ್ಲಿ ‘ಫ್ರೀ ಎಂಟ್ರಿ’ ಎಂದಿದ್ದರೆ ಅದರ ಕೆಳಗಿನ ಸಣ್ಣಕ್ಷರ ಓದದೆ ಮನೆ ಬಿಡಬೇಡಿ. ಸಾಮಾನ್ಯವಾಗಿ ಮೂರು ಬಗೆ ಇರುತ್ತದೆ. ಒಂದು, ಹೆಸರು ನೋಂದಾಯಿಸಿದ ಯಾರಿಗಾದರೂ ಪ್ರವೇಶ. ಎರಡು, ಯಾವ ಕಾಲೇಜಾದರೂ ಸರಿ, ಚಾಲ್ತಿಯಲ್ಲಿರುವ ವಿದ್ಯಾರ್ಥಿ ಗುರುತಿನ ಚೀಟಿ ಇದ್ದವರಿಗೆ ಮಾತ್ರ. ಮೂರು, ಆ ಕಾಲೇಜಿನವರಿಗೆ ಮತ್ತು ಅವರು ಕರೆದ ಕಾಲೇಜುಗಳ ತಂಡಗಳಿಗೆ ಮಾತ್ರ. ಮೂರನೆಯದಾದರೆ ಹೊರಗಿನವರು ಆಸೆ ಬಿಡುವುದೇ ಒಳ್ಳೆಯದು. ಎರಡನೆಯದರಲ್ಲಿ, ಕೆಲಸಕ್ಕೆ ಹೋಗುತ್ತಾ ದೂರಶಿಕ್ಷಣದಲ್ಲೋ ಸಂಜೆ ಕಾಲೇಜಿನಲ್ಲೋ ಓದುತ್ತಿರುವವರು ಹಿಂಜರಿಯಬೇಕಿಲ್ಲ. ನಿಮ್ಮದೂ ವಿದ್ಯಾರ್ಥಿ ಚೀಟಿಯೇ. ಈ ವರ್ಷದ ಅವಧಿ ಅದರ ಮೇಲೆ ನಮೂದಾಗಿದೆಯೇ ಎಂದಷ್ಟೇ ನೋಡಿಕೊಳ್ಳಿ.

ಒಂದೇ ಉತ್ಸವದಲ್ಲಿ ದಿನಕ್ಕೊಂದು ನಿಯಮ ಇರುವುದೂ ಉಂಟು. ಹಗಲಿನ ಸ್ಪರ್ಧೆಗಳಿಗೆ ಎಲ್ಲರನ್ನೂ ಬಿಟ್ಟು, ರಾತ್ರಿಯ ‘ಪ್ರೋನೈಟ್’ಗೆ, ಅಂದರೆ ಹೆಸರಾಂತ ಕಲಾವಿದರ ದೊಡ್ಡ ಕಾರ್ಯಕ್ರಮಕ್ಕೆ, ಬೇರೆ ಪಾಸ್ ಕೇಳುತ್ತಾರೆ. ವಯಸ್ಸಿನ ಮಿತಿಯನ್ನೂ ನೋಡಿ. ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳ ತಂದೆತಾಯಂದಿರು ಇದನ್ನು ತಪ್ಪದೆ ಗಮನಿಸಬೇಕು. ಗೇಟಿನವರೆಗೆ ಹೋದ ಮೇಲೆ ‘ಹದಿನೆಂಟು ಆಗಿಲ್ಲ’ ಎಂದು ಒಬ್ಬಳನ್ನೇ ಹೊರಗೆ ನಿಲ್ಲಿಸಿದರೆ ಅವಳ ಗೆಳತಿಯರು ಒಳಗೆ, ಅವಳು ರಸ್ತೆಯಲ್ಲಿ.

ಈ ವಿವರಗಳನ್ನು ಉತ್ಸವದ ಸ್ವಂತ ಜಾಲತಾಣದಲ್ಲೋ ಅಧಿಕೃತ ಇನ್‌ಸ್ಟಾಗ್ರಾಂ ಪುಟದಲ್ಲೋ ನೋಡಿ. ವಾಟ್ಸಾಪಿನಲ್ಲಿ ಸುತ್ತುವ ಸಂದೇಶ ಹೋದ ವರ್ಷದ್ದಾಗಿರಬಹುದು.

2. ಗುರುತಿನ ಚೀಟಿಯಲ್ಲಿರುವ ಹೆಸರಿನಲ್ಲೇ ನೋಂದಾಯಿಸಿ

ನಮ್ಮವರು ಎಡವುವುದು ಇಲ್ಲೇ. ಮಹಾರಾಷ್ಟ್ರದ ನಮೂನೆಗಳು ಮೊದಲ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ಕೊಡುತ್ತವೆ. ನಮ್ಮಲ್ಲಿ ಅನೇಕರಿಗೆ ಅಡ್ಡಹೆಸರೇ ಇಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲಾಗಿ ಮುಂದೆ ನಿಂತಿರುತ್ತವೆ. ಶಾಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು ಮತ್ತೊಂದು ರೀತಿ. ಗೇಟಿನಲ್ಲಿ ನಿಂತಿರುವ ಇಪ್ಪತ್ತು ವರ್ಷದ ಸ್ವಯಂಸೇವಕನಿಗೆ ಇದನ್ನೆಲ್ಲ ವಿವರಿಸಲು ಸಮಯವೂ ಇರುವುದಿಲ್ಲ, ಅವನಿಗೆ ಕೇಳುವ ವ್ಯವಧಾನವೂ ಇರುವುದಿಲ್ಲ. ಆದ್ದರಿಂದ ಅಂದು ಯಾವ ಚೀಟಿ ತೋರಿಸುತ್ತೀರೋ ಅದನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೆಯೇ, ಚುಕ್ಕಿ ಸಮೇತ ತುಂಬಿ.

ಆಧಾರ್ ತೋರಿಸುವುದಾದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಯುಐಡಿಎಐ ತಾಣದಿಂದ ಇಳಿಸಿಕೊಳ್ಳಿ. ಪೂರ್ಣ ಸಂಖ್ಯೆಯ ಜೆರಾಕ್ಸ್ ಯಾರ ಕೈಗೂ ಕೊಡುವ ಅಗತ್ಯವಿಲ್ಲ. ಕಾರ್ಡಿನ ಫೋಟೋ ಸಾಲದು ಎನ್ನುವ ಕಡೆಯೂ ಇದೆ, ಮೂಲ ಚೀಟಿಯನ್ನೇ ಒಯ್ಯಿರಿ.

ಪಾಸ್‌ಗಳನ್ನು ಒಂದೇ ಸಲ ಬಿಡದೆ ಕಂತುಕಂತಾಗಿ ಬಿಡುವುದು ವಾಡಿಕೆ. ಮೊದಲ ಕಂತು ತಪ್ಪಿದರೆ ನಿರಾಶರಾಗದೆ ದಿನಕ್ಕೆರಡು ಸಲ ಪುಟ ನೋಡುತ್ತಿರಿ. ಸಿಕ್ಕ ಕೂಡಲೇ ಅದರ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಾವಿರಾರು ಫೋನುಗಳು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೂತುಬಿಡುತ್ತದೆ, ಆಗ ಇಮೇಲ್ ತೆರೆಯಲಾರದು.

ಉಚಿತ ಪಾಸ್‌ಗೆ ಹಣ ಕೇಳುವವರಿಂದ ದೂರವಿರಿ. ‘ಕನ್ಫರ್ಮ್ ಪಾಸ್ ಇದೆ, ಮುನ್ನೂರು ಯುಪಿಐ ಮಾಡಿ’ ಎನ್ನುವವರು ಒಂದೇ ಕೋಡನ್ನು ಹತ್ತು ಜನಕ್ಕೆ ಮಾರಿರುತ್ತಾರೆ. ಮೊದಲು ತೋರಿಸಿದವರಿಗೆ ಪ್ರವೇಶ, ಉಳಿದ ಒಂಬತ್ತು ಜನ ಗೇಟಿನ ಹೊರಗೆ. ಇನ್ನೊಂದು ಮಾತು: ಪಾಸ್ ಇದ್ದರೂ ಪ್ರವೇಶ ಖಚಿತವಲ್ಲ. ಮೈದಾನ ತುಂಬಿತೆಂದರೆ ಬಾಗಿಲು ಹಾಕುತ್ತಾರೆ.

3. ಹೋಗುವ ದಾರಿಗಿಂತ ಮೊದಲು ಬರುವ ದಾರಿ ನೋಡಿ

ಮೊದಲು ಸಮಾಧಾನದ ವಿಷಯ. ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ. 2000ದ ಶಬ್ದಮಾಲಿನ್ಯ ನಿಯಮಗಳು ಹೇಳುವುದು ಹೀಗೆ. ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಆದರೆ ಆ ದಿನಗಳು ಸಾಮಾನ್ಯವಾಗಿ ಗಣೇಶೋತ್ಸವ, ನವರಾತ್ರಿಗಳ ಪಾಲಾಗುತ್ತವೆ. ಆದ್ದರಿಂದ ಬಯಲು ಕಾರ್ಯಕ್ರಮ ಹತ್ತಕ್ಕೆ ಮುಗಿಯುತ್ತದೆ ಎಂದೇ ಲೆಕ್ಕ ಹಾಕಿ. ಬಾಗಿಲು ಹಾಕಿದ ಸಭಾಂಗಣದಲ್ಲಾದರೆ ಇನ್ನಷ್ಟು ಹೊತ್ತು ನಡೆಯಬಹುದು.

ಈ ನಿಯಮದ ಹಿಂದೆ ಮುಂಬಯಿ ರಾಕ್‌ನ ಒಂದು ನೋವೂ ಇದೆ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವ ವರ್ಷಗಟ್ಟಲೆ ಧೋಬಿ ತಲಾವ್‌ನ ರಂಗ ಭವನದಲ್ಲಿ ನಡೆಯುತ್ತಿತ್ತು. ಆ ಬಯಲು ರಂಗಮಂದಿರದ ಸುತ್ತಮುತ್ತ ಕಾಲೇಜು, ಆಸ್ಪತ್ರೆ, ಕೋರ್ಟು. ಇಂಥವುಗಳ ಸುತ್ತಿನ 100 ಮೀಟರ್ ಮೌನವಲಯವಾದ ಮೇಲೆ ಅಲ್ಲಿ ಸಂಗೀತ ನಿಂತೇ ಹೋಯಿತು. ಆಸ್ಪತ್ರೆಯಲ್ಲಿ ಮಲಗಿದವರ ನಿದ್ದೆ ದೊಡ್ಡದೇ, ನಾನು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಅಷ್ಟು ಅಗ್ಗವಾಗಿ, ಅಷ್ಟು ಹತ್ತಿರದಲ್ಲಿ ರಾಕ್ ಕೇಳಿಸುತ್ತಿದ್ದ ಬಯಲಿಗೆ ಬದಲಿ ಜಾಗವನ್ನು ನಗರ ಕೊಡಲಿಲ್ಲ. ಕ್ಯಾಂಪಸ್ಸುಗಳು ಇಂದು ಮುಖ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಈಗ ದಾರಿ. ಪೊವಾಯಿ ಐಐಟಿಗೆ ಹತ್ತಿರದ ಸ್ಟೇಷನ್ ಸೆಂಟ್ರಲ್ ಲೈನಿನ ಕಾಂಜೂರ್‌ಮಾರ್ಗ್, ಇಳಿಯಬೇಕಾದದ್ದು ಪಶ್ಚಿಮಕ್ಕೆ. ಅಲ್ಲಿಂದ ಬಸ್ಸು, ರಿಕ್ಷಾ ಎರಡೂ ಸಿಗುತ್ತವೆ. ಕಾಂಜೂರ್‌ಮಾರ್ಗ್‌ನಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ ಎಂಬುದನ್ನು ಮರೆಯಬೇಡಿ. ಡೊಂಬಿವಲಿ, ಕಲ್ಯಾಣದವರು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಹಿಡಿಯಿರಿ, ಇಲ್ಲವೇ ಥಾಣೆಯವರೆಗೆ ಫಾಸ್ಟ್‌ನಲ್ಲಿ ಬಂದು ಬದಲಾಯಿಸಿ. ಥಾಣೆಯಿಂದ ಮುಲುಂಡ್, ನಾಹೂರ್, ಭಾಂಡುಪ್ ಆದ ಮೇಲೆ ನಾಲ್ಕನೆಯದೇ ಕಾಂಜೂರ್. ವಾಶಿ, ನೆರೂಲ್ ಕಡೆಯವರು ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಬಂದು ಅಲ್ಲಿ ಸ್ಲೋ ಹಿಡಿಯಬಹುದು. ಅಂಧೇರಿ, ಬೊರಿವಲಿ ಕಡೆಯವರಿಗೆ ನನ್ನ ಸಲಹೆ ಮೆಟ್ರೋ: ಅಂಧೇರಿಯಿಂದ ಘಾಟ್‌ಕೋಪರ್‌ಗೆ ಮೆಟ್ರೋ, ಅಲ್ಲಿಂದ ಸ್ಲೋ ಲೋಕಲ್‌ನಲ್ಲಿ ಎರಡೇ ಸ್ಟೇಷನ್. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಸಂಜೆ ಹೊತ್ತು ರಿಕ್ಷಾದಲ್ಲಿ ಕೂತವರು ಮೊದಲ ತಂಡ ಮುಗಿದ ಮೇಲೆ ತಲುಪುತ್ತಾರೆ.

ಸೆಂಟ್ರಲ್ ಲೈನಿನ ಕೊನೆಯ ಗಾಡಿಗಳು ದಕ್ಷಿಣ ಮುಂಬಯಿಯ ಮುಖ್ಯ ಸ್ಟೇಷನ್ ಸಿಎಸ್‌ಎಂಟಿಯನ್ನು ಬಿಡುವುದು ಮಧ್ಯರಾತ್ರಿಯ ಆಸುಪಾಸಿನಲ್ಲಿ. ಹತ್ತಕ್ಕೆ ಕಾರ್ಯಕ್ರಮ ಮುಗಿದರೆ ಸಮಯ ಧಾರಾಳವಾಗಿದೆ ಅನಿಸುತ್ತದೆ. ಆದರೆ ಕ್ಯಾಂಪಸ್ಸು ವಿಶಾಲ, ಮೈದಾನದಿಂದ ಗೇಟಿಗೇ ಒಳ್ಳೆಯ ನಡಿಗೆ. ಎಲ್ಲರೂ ಒಟ್ಟಿಗೆ ಹೊರಟಾಗ ರಿಕ್ಷಾಕ್ಕೆ ಮುಕ್ಕಾಲು ಗಂಟೆ ಕಾಯಬೇಕಾದೀತು. ನಿಮ್ಮ ಮೆಟ್ರೋ ಮತ್ತು ಹಾರ್ಬರ್ ಗಾಡಿಗಳು ಇನ್ನೂ ಬೇಗ ಮುಗಿಯಬಹುದು. ಗಾಡಿಗಳ ವೇಳೆ ತೋರಿಸುವ ಎಂ-ಇಂಡಿಕೇಟರ್ ಆ್ಯಪ್‌ನಲ್ಲಿ ಕೊನೆಯ ಗಾಡಿಯ ಬದಲು ಅದಕ್ಕಿಂತ ಎರಡು ಗಾಡಿ ಹಿಂದಿನದನ್ನು ನೋಡಿ ಬರೆದುಕೊಳ್ಳಿ, ಅದೇ ನಿಮ್ಮ ಗಾಡಿ. ರಿಟರ್ನ್ ಟಿಕೆಟ್ ಹೋಗುವಾಗಲೇ ತೆಗೆಯಿರಿ. ಭಾನುವಾರವಾದರೆ ಹಗಲಿನ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ಗಾಡಿ ನಿಲ್ಲಿಸುವುದು, ಯಾವ ಲೈನಿನಲ್ಲಿದೆ ಎಂದು ಹಿಂದಿನ ದಿನವೇ ನೋಡಿ. ಮಧ್ಯರಾತ್ರಿ 12ರಿಂದ 5ರವರೆಗೆ ರಿಕ್ಷಾ, ಟ್ಯಾಕ್ಸಿಗೆ ಮೀಟರಿನ ಮೇಲೆ ಕಾಲುಭಾಗ ಹೆಚ್ಚು ಕೊಡಬೇಕು. ಅದು ನಿಯಮವೇ, ಅದಕ್ಕಾಗಿ ಚಾಲಕನೊಡನೆ ಜಗಳವಾಡಬೇಡಿ.

4. ಕಿವಿಗೆ ಇಯರ್‌ಪ್ಲಗ್ ಕೊಳ್ಳಿ

ಈ ಬರಹದಲ್ಲಿ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ಮಾಡಿ.

ಧ್ವನಿಯ ಅಳತೆ ಡೆಸಿಬೆಲ್. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆಯವರೆಗೆ ತಾಳಿಕೊಳ್ಳಬಲ್ಲದು ಎಂಬುದು ಕಾರ್ಖಾನೆಗಳ ಕೆಲಸಗಾರರಿಗಾಗಿ ತಜ್ಞರು ಹಾಕಿದ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಹದಿನೈದೇ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹೇಳಿದ ಗರಿಷ್ಠ ಸರಾಸರಿಯೇ 100 ಡೆಸಿಬೆಲ್. ಎಂದರೆ ನಿಯಮ ಪಾಲಿಸಿ ನಡೆಸಿದ ಕಾರ್ಯಕ್ರಮದಲ್ಲೂ ಮೂರು ಗಂಟೆ ಬರಿಗಿವಿಯಲ್ಲಿ ನಿಂತರೆ ಲೆಕ್ಕ ಮೀರುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಾದ್ಯ ನುಡಿಸುವವರು ತಾವೇ ಕಿವಿಗೆ ಏನಾದರೂ ಹಾಕಿಕೊಂಡಿರುವುದನ್ನು ಗಮನಿಸಿ ನೋಡಿ.

ಔಷಧದ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸ್ಪಂಜಿನಂಥ ಫೋಮ್ ಇಯರ್‌ಪ್ಲಗ್‌ಗಳು ಅಗ್ಗಕ್ಕೆ ಸಿಗುತ್ತವೆ. ಹಾಕಿಕೊಳ್ಳುವ ರೀತಿ ತಪ್ಪಿದರೆ ಪ್ರಯೋಜನವಿಲ್ಲ, ಆದ್ದರಿಂದ ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿ. ಬೆರಳುಗಳ ನಡುವೆ ಹೊಸೆದು ಬತ್ತಿಯ ಹಾಗೆ ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿಯ ನಾಳ ನೆಟ್ಟಗಾಗುತ್ತದೆ. ಬತ್ತಿಯನ್ನು ಒಳಗಿಟ್ಟು, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಿ. ಅರ್ಧ ಹೊರಗೆ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ. ಹತ್ತಿ ತುರುಕಿಕೊಳ್ಳುವುದರಿಂದ ಏನೂ ಪ್ರಯೋಜನವಾಗದು.

ಫೋಮ್ ಹಾಕಿದರೆ ಹಾಡು ಮಸುಕಾಗಿ ಕೇಳುತ್ತದೆ ಎಂಬ ದೂರು ನಿಜ. ಅದು ಡ್ರಮ್ಸ್ ಜೊತೆಗಿನ ಲೋಹದ ತಟ್ಟೆಗಳಾದ ಸಿಂಬಲ್‌ಗಳ, ಗಿಟಾರಿನ ಮೇಲಿನ ಸ್ವರಗಳನ್ನು ಹೆಚ್ಚು ಕತ್ತರಿಸುತ್ತದೆ. ವರ್ಷಕ್ಕೆ ಮೂರು ನಾಲ್ಕು ಕಾರ್ಯಕ್ರಮಕ್ಕೆ ಹೋಗುವವರು ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇಯರ್‌ಪ್ಲಗ್ ಕೊಳ್ಳಿ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ, ಪದಗಳು ಬರಿಗಿವಿಗಿಂತ ಸ್ಪಷ್ಟವಾಗಿಯೇ ಕೇಳಿಸುತ್ತವೆ. ಮಕ್ಕಳನ್ನು ಕರೆದೊಯ್ಯುವವರು ಅವರಿಗೆ ಹೊರಗಿನಿಂದ ಕಿವಿ ಮುಚ್ಚುವ ಇಯರ್‌ಮಫ್ ತೊಡಿಸಿ.

5. ಚೀಲ, ಬಟ್ಟೆ, ಊಟ

ಚೀಲವಿಲ್ಲದೆ ಹೋಗುವುದೇ ಉತ್ತಮ. ಆಫೀಸಿನಿಂದ ನೇರ ಹೋಗುವವರಿಗೆ ಇದು ಕಷ್ಟ, ಗೊತ್ತು. ನಾನೂ ಒಮ್ಮೆ ಸ್ಟೀಲಿನ ಊಟದ ಡಬ್ಬಿ ಮತ್ತು ಛತ್ರಿ ಇದ್ದ ಚೀಲದೊಂದಿಗೆ ಹೋಗಿ ಗೇಟಿನಲ್ಲಿ ವಾಪಸಾಗಿದ್ದೇನೆ. ಚೀಲ ಇಡಲು ಒಳಗೆ ವ್ಯವಸ್ಥೆ ಇರಲಿಲ್ಲ, ಕಾದುಕೊಂಡಿದ್ದ ತಂಡದ ಎರಡು ಹಾಡನ್ನು ಗೋಡೆಯಾಚೆ ನಿಂತು ಕೇಳಿ ಬಂದೆ. ಡಬ್ಬಿಯನ್ನು ಆಫೀಸಿನಲ್ಲೇ ಬಿಟ್ಟು ಬನ್ನಿ.

ಲೈಟರ್, ಬೆಂಕಿಪೊಟ್ಟಣ, ಸೆಂಟಿನ ಬಾಟಲಿ, ಛತ್ರಿ, ಸೆಲ್ಫಿ ಕೋಲು, ದೊಡ್ಡ ಕ್ಯಾಮೆರಾ, ಗಾಜು, ಲೋಹದ ನೀರಿನ ಬಾಟಲಿ, ಕೆಲವೆಡೆ ಪವರ್‌ಬ್ಯಾಂಕ್ ಕೂಡ ನಿಷಿದ್ಧ. ಸಿಗರೇಟು, ಗುಟ್ಕಾ, ಮದ್ಯದ ವಿಷಯ ಹೇಳಬೇಕಿಲ್ಲ. ದಿನನಿತ್ಯದ ಔಷಧಿ, ಇನ್‌ಹೇಲರ್ ಇದ್ದರೆ ವೈದ್ಯರ ಚೀಟಿಯ ಜೊತೆ ಒಯ್ಯಿರಿ.

ಕಾಲಿಗೆ ಮುಚ್ಚಿದ ಬೂಟು. ಚಪ್ಪಲಿ ಹಾಕಿದ ಕಾಲಿನ ಬೆರಳು ಆ ಜನಜಂಗುಳಿಯಲ್ಲಿ ಉಳಿಯುವುದಿಲ್ಲ. ಡಿಸೆಂಬರ್‌ನಲ್ಲಿ ಕೆರೆ, ಗುಡ್ಡದ ನಡುವಿನ ಪೊವಾಯಿ ಉಳಿದ ಮುಂಬಯಿಗಿಂತ ತುಸು ತಂಪು. ವೇದಿಕೆಯ ಮುಂದೆ ಮಾತ್ರ ಬೆವರು ಇಳಿಯುತ್ತದೆ. ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ತೆಳ್ಳನೆಯ ಅಂಗಿ ಸಾಕು. ಊಟ ಮುಗಿಸಿಯೇ ಒಳಗೆ ಹೋಗಿ, ಅಲ್ಲಿನ ಮಳಿಗೆಗಳ ಸಾಲು ದೊಡ್ಡದು. ಜೇಬಿನಲ್ಲಿ ನಾನೂರೈನೂರು ರೂಪಾಯಿ ನೋಟು ಇರಲಿ. ನೆಟ್‌ವರ್ಕ್ ಸತ್ತರೆ ಯುಪಿಐ ಕೂಡ ಸತ್ತಂತೆ.

6. ಗೇಟಿನಲ್ಲಿ

ಬಾಗಿಲು ತೆರೆಯುವ ಸಮಯ, ಮೊದಲ ತಂಡದ ಸಮಯ, ಮುಖ್ಯ ತಂಡದ ಸಮಯ ಇವು ಮೂರೂ ಬೇರೆ. ಪೋಸ್ಟರಿನಲ್ಲಿ ಇರುವುದು ಸಾಮಾನ್ಯವಾಗಿ ಮೊದಲನೆಯದು. ಆ ಹೊತ್ತಿಗೆ ಒಂದು ಗಂಟೆ ಮುಂಚೆ ಸಾಲಿನಲ್ಲಿರಿ. ಕ್ಯಾಂಪಸ್ಸಿನ ಹೊರಗೇಟಿನಲ್ಲಿ ಒಮ್ಮೆ, ಮೈದಾನದ ಬಾಗಿಲಲ್ಲಿ ಮತ್ತೊಮ್ಮೆ ತಪಾಸಣೆ. ಹೊರಗೇಟಿನಲ್ಲಿ ಕೈಗೆ ಕಾಗದದ ಪಟ್ಟಿ ಕಟ್ಟಿದರೆ, ಅಂದರೆ ರಿಸ್ಟ್‌ಬ್ಯಾಂಡ್ ಹಾಕಿದರೆ, ಅದನ್ನು ಬಿಚ್ಚಬೇಡಿ. ಹರಿದ ಪಟ್ಟಿಗೆ ಬೆಲೆ ಇಲ್ಲ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹೊರಬರುವ ಮೊದಲೇ ಕೇಳಿ.

ಜೊತೆಗೆ ಬಂದವರೊಂದಿಗೆ ಒಳಗೆ ಹೋದ ಕೂಡಲೇ ಒಂದು ಜಾಗ ಗೊತ್ತುಮಾಡಿಕೊಳ್ಳಿ. ‘ಗೇಟ್ ಹತ್ತಿರ’ ಎಂದರೆ ಸಾಲದು, ಗೇಟುಗಳು ಹಲವು. ಮರ, ದೀಪದ ಕಂಬ, ವೈದ್ಯಕೀಯ ಡೇರೆ ಹೀಗೆ ಕದಲದ ಗುರುತು ಬೇಕು.

ಪೊವಾಯಿಗೆ ಮೊದಲ ಸಲ ಬರುವವರಿಗೆ ಒಂದು ಎಚ್ಚರಿಕೆ. ಕಾರ್ಯಕ್ರಮ ಶುರುವಾಗುವವರೆಗೆ ಕೆರೆಯ ದಂಡೆಯಲ್ಲಿ ಒಂದು ಸುತ್ತು ಹಾಕಿ ಬರೋಣ ಎಂದು ಕತ್ತಲಲ್ಲಿ ಹೋಗಬೇಡಿ. ಆ ಕೆರೆಯಲ್ಲಿ ಮೊಸಳೆಗಳಿವೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆಯಿಂದ ಚಿರತೆ ಕ್ಯಾಂಪಸ್ಸಿಗೆ ಬಂದದ್ದೂ ಇದೆ. ದೀಪವಿರುವ ರಸ್ತೆಯಲ್ಲೇ ಓಡಾಡಿ.

7. ಎಲ್ಲಿ ನಿಲ್ಲಬೇಕು

ಎಲ್ಲರೂ ವೇದಿಕೆಗೆ ಅಂಟಿಕೊಂಡ ಬ್ಯಾರಿಕೇಡ್ ಕಡೆಗೆ ಓಡುತ್ತಾರೆ. ಅಲ್ಲಿ ಗಾಯಕನ ಮುಖ ಕಾಣುತ್ತದೆ, ಹಾಡು ಕೇಳುವುದಿಲ್ಲ. ದೊಡ್ಡ ಸ್ಪೀಕರುಗಳು ನಿಮ್ಮ ತಲೆಯ ಮೇಲಿಂದ ಹಿಂದಿನವರಿಗಾಗಿ ಬೀಸುತ್ತಿರುತ್ತವೆ, ನೆಲದ ಮೇಲಿನ ಸಬ್‌ವೂಫರ್‌ಗಳು ಎದೆಗೆ ಗುದ್ದುತ್ತಿರುತ್ತವೆ. ಮೈದಾನದ ನಡುವೆ ಡೇರೆಯ ಕೆಳಗೆ ಗುಂಡಿಗಳು ತುಂಬಿದ ದೊಡ್ಡ ಹಲಗೆಯ ಹಿಂದೆ ಒಬ್ಬರು ನಿಂತಿರುತ್ತಾರೆ. ಆ ಹಲಗೆಗೆ ಮಿಕ್ಸಿಂಗ್ ಕನ್ಸೋಲ್ ಎನ್ನುತ್ತಾರೆ. ಅವರು ಸೌಂಡ್ ಎಂಜಿನಿಯರ್, ಇಡೀ ಕಾರ್ಯಕ್ರಮದ ಧ್ವನಿಯನ್ನು ತಮ್ಮ ಕಿವಿಗೆ ಸರಿಯಾಗುವಂತೆ ಹೊಂದಿಸುತ್ತಿರುತ್ತಾರೆ. ಅವರ ಮುಂದೆ ಎಂಟು ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿ. ಇಡೀ ಮೈದಾನದಲ್ಲಿ ಅದಕ್ಕಿಂತ ಚೆನ್ನಾಗಿ ಕೇಳುವ ಜಾಗ ಇಲ್ಲ.

ಮೊದಲ ತಂಡಕ್ಕೇ ಬಂದು ನಿಲ್ಲಿ ಎಂಬುದು ನನ್ನ ಕಳಕಳಿಯ ವಿನಂತಿ. ಮುಖ್ಯ ತಂಡಕ್ಕಿಂತ ಮುಂಚೆ ನುಡಿಸುವ ‘ಓಪನಿಂಗ್’ ತಂಡಗಳಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು, ‘ಸೌಂಡ್ ಚೆಕ್’ಗೂ, ಅಂದರೆ ವಾದ್ಯ ಮತ್ತು ಮೈಕ್ ಪರೀಕ್ಷಿಸಿ ಹೊಂದಿಸುವುದಕ್ಕೂ, ಸಮಯ ಸಾಕಾಗಿರುವುದಿಲ್ಲ. ಮೊದಲ ಹಾಡಿನಲ್ಲಿ ಗಾಯಕಿಯ ದನಿ ಕೇಳಿಸದಿದ್ದರೆ ಅವಳ ತಪ್ಪಲ್ಲ, ಎರಡನೆಯ ಹಾಡಿನವರೆಗೆ ಕಾಯಿರಿ. ನಾನು ಇಂದಿಗೂ ಕೇಳುವ ತಂಡಗಳಲ್ಲಿ ಹೆಚ್ಚಿನವನ್ನು ಮೊದಲು ಕೇಳಿದ್ದು ಅರ್ಧ ಖಾಲಿ ಮೈದಾನದಲ್ಲಿ, ಸಂಜೆ ಆರರ ಬೆಳಕಿನಲ್ಲಿ.

8. ಜನ ಒತ್ತಿದಾಗ

ವೇದಿಕೆಯ ಮುಂದೆ ಹುಡುಗರು ಒಬ್ಬರಿಗೊಬ್ಬರು ಮೈ ತಾಗಿಸಿ ಕುಣಿಯುವ ವೃತ್ತಕ್ಕೆ ‘ಮಾಷ್ ಪಿಟ್’ ಎನ್ನುತ್ತಾರೆ. ಹೊರಗಿನಿಂದ ಜಗಳದಂತೆ ಕಂಡರೂ ಅದಕ್ಕೆ ರೀತಿನೀತಿ ಇದೆ. ಬಿದ್ದವರನ್ನು ಆ ಕ್ಷಣವೇ ಎತ್ತಬೇಕು, ಮೊಣಕೈ ಬೀಸಬಾರದು, ಬೇಡವೆಂದು ಅಂಚಿನಲ್ಲಿ ನಿಂತವರನ್ನು ಒಳಗೆ ಎಳೆಯಬಾರದು. ವೃತ್ತ ಬಿಚ್ಚಿಕೊಳ್ಳುವುದು ಕಂಡರೆ, ಆಸಕ್ತಿ ಇಲ್ಲದವರು ಹತ್ತು ಹೆಜ್ಜೆ ಹಿಂದೆ ಸರಿದರೆ ಸಾಕು.

ಅದಕ್ಕಿಂತ ದೊಡ್ಡ ಅಪಾಯ ಬಾಗಿಲಲ್ಲಿರುತ್ತದೆ. 2023ರ ನವೆಂಬರ್ 25ರಂದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮ ಶುರುವಾಗುವ ಮೊದಲೇ ನಾಲ್ವರು ಯುವಜನರು ನೂಕುನುಗ್ಗಲಿಗೆ ಬಲಿಯಾದರು. ಮಳೆ ಹನಿಯಿತು, ಹೊರಗೆ ಕಾಯುತ್ತಿದ್ದವರು ಒಳಗೆ ನುಗ್ಗಿದರು, ಬಾಗಿಲಾಚೆ ಇಳಿಜಾರಿನ ಮೆಟ್ಟಿಲುಗಳಿದ್ದವು. ಆದ್ದರಿಂದ ಕಿರಿದಾದ ಬಾಗಿಲು, ಮೆಟ್ಟಿಲು, ಇಳಿಜಾರು ಇರುವಲ್ಲಿ ಜನ ನುಗ್ಗತೊಡಗಿದರೆ ಪಕ್ಕಕ್ಕೆ ಸರಿದು ನಿಲ್ಲಿ. ಒಂದು ಹಾಡು ತಪ್ಪಿದರೆ ತಪ್ಪಲಿ. ಮಳೆ ಬಂದರೆ ನೆನೆಯಿರಿ.

ಒಳಗೆ ನಿಂತಾಗ ಒಂದು ಪರೀಕ್ಷೆ: ಕೈಯೆತ್ತಿ ಮುಖ ಮುಟ್ಟಿಕೊಳ್ಳಲು ಆಗುತ್ತಿದೆಯೇ? ಆಗದಿದ್ದರೆ, ನಾಲ್ಕೂ ಕಡೆಯಿಂದ ಮೈ ಒತ್ತುತ್ತಿದ್ದರೆ, ಹೊರಬರುವ ಸಮಯ ಆಗಿದೆ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಜನರ ಒತ್ತಡಕ್ಕೆ ಎದುರು ತಳ್ಳಬೇಡಿ. ಅಲೆ ನಿಂತ ಗಳಿಗೆಯಲ್ಲಿ ಓರೆಯಾಗಿ, ಅಂಚಿನ ಕಡೆಗೆ ಸರಿಯಿರಿ. ಬಿದ್ದ ಫೋನಿಗಾಗಿ ಬಗ್ಗಬೇಡಿ.

ಯಾರಾದರೂ ಮೈಮೇಲೆ ಕೈಹಾಕಿದರೆ ಸಹಿಸಿಕೊಂಡು ನಿಲ್ಲುವುದು ಬೇಡ. ಜೋರಾಗಿ ಕೂಗಿ, ಸುತ್ತಲಿನವರ ಗಮನ ಸೆಳೆಯಿರಿ, ಗುರುತಿನ ಟೀಶರ್ಟ್ ಹಾಕಿದ ಸ್ವಯಂಸೇವಕರಿಗೆ, ಭದ್ರತೆಯವರಿಗೆ ಹೇಳಿ. ಪೊಲೀಸರಿಗೆ 112, ಮುಂಬಯಿಯಲ್ಲಿ ಮಹಿಳೆಯರಿಗೆಂದೇ 103. ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರಿಗೆ ನನ್ನ ಮಾತು: ತಡೆಯಬೇಡಿ, ಮೂರು ನಾಲ್ಕು ಜನರ ಗುಂಪಿನಲ್ಲಿ ಹೋಗಿ ಗುಂಪಿನಲ್ಲೇ ಬರುವಂತೆ ಮಾಡಿ, ಯಾವ ಗಾಡಿ ಎಂದು ಕೇಳಿಟ್ಟುಕೊಳ್ಳಿ.

9. ಹೊರಡುವಾಗ

ಮುಖ್ಯ ತಂಡ ವೇದಿಕೆ ಬಿಟ್ಟರೂ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಮತ್ತೆ ಬಂದು ಒಂದೆರಡು ಹಾಡು ಹಾಡುವುದಕ್ಕೆ ‘ಎನ್‌ಕೋರ್’ ಎಂದು ಹೆಸರು. ಕೊನೆಯ ಗಾಡಿ ಹತ್ತಿರವಿರುವವರು ಎನ್‌ಕೋರ್‌ನ ಮೊದಲ ಹಾಡಿಗೇ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿ. ಹಾಡು ಬೆನ್ನಿಗೆ ಕೇಳುತ್ತಲೇ ಇರುತ್ತದೆ, ಬಾಗಿಲು ಖಾಲಿ ಇರುತ್ತದೆ. ಅವಸರವಿಲ್ಲದವರು ತದ್ವಿರುದ್ಧ ಮಾಡಿ: ಎಲ್ಲರೂ ಹೋಗುವವರೆಗೆ ಇಪ್ಪತ್ತು ನಿಮಿಷ ಹುಲ್ಲಿನ ಮೇಲೆ ಕೂರಿ.

ಗೇಟಿನ ಎದುರೇ ರಿಕ್ಷಾ ಹಿಡಿಯಲು ಹೋಗಬೇಡಿ. ಸ್ಟೇಷನ್ ದಿಕ್ಕಿಗೆ ಸ್ವಲ್ಪ ನಡೆದರೆ ಬೇಗ ಸಿಗುತ್ತದೆ. ಅದೇ ಸ್ಟೇಷನ್ನಿಗೆ ಹೋಗುವವರು ಬೇಕಾದಷ್ಟು ಇರುತ್ತಾರೆ, ಕೇಳಿ ಹಂಚಿಕೊಳ್ಳಿ. ಝೇವಿಯರ್ಸ್‌ನಂಥ ದಕ್ಷಿಣದ ಕಾಲೇಜುಗಳಲ್ಲಿ ರಿಕ್ಷಾ ಮಾತೇ ಇಲ್ಲ, ಅಲ್ಲಿ ಓಡುವುದು ಟ್ಯಾಕ್ಸಿ ಮಾತ್ರ. ಆದರೆ ಸಿಎಸ್‌ಎಂಟಿ ನಡೆದು ಹೋಗುವಷ್ಟು ಹತ್ತಿರ. ತಡರಾತ್ರಿ ಖಾಲಿ ಡಬ್ಬಿಗೆ ಹತ್ತದೆ ಜನ ಇರುವ ಡಬ್ಬಿಗೇ ಹತ್ತಿ. ರೈಲಿನಲ್ಲಿ ತೊಂದರೆಯಾದರೆ 139.

10. ಮರುದಿನ

ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದಿದ್ದರೆ ಇಯರ್‌ಪ್ಲಗ್ ಸರಿಯಾಗಿ ಕೂತಿರಲಿಲ್ಲ ಎಂದರ್ಥ. ಆ ದಿನ ಇಯರ್‌ಫೋನ್ ಹಾಕದೆ ಕಿವಿಗೆ ವಿಶ್ರಾಂತಿ ಕೊಡಿ. ಎರಡನೆಯ ದಿನಕ್ಕೂ ಇಳಿಯದಿದ್ದರೆ, ಅಥವಾ ಒಂದು ಕಿವಿ ಮಂದವಾಗಿದ್ದರೆ, ಕಾಯದೆ ಕಿವಿ ಮೂಗು ಗಂಟಲು ವೈದ್ಯರ ಬಳಿ ಹೋಗಿ.

ಆಮೇಲೆ ಆ ಸಂಜೆಯ ಮೊದಲ ತಂಡದ ಹೆಸರು ನೆನಪು ಮಾಡಿಕೊಂಡು ಅವರ ಪುಟ ಹುಡುಕಿ. ಉಚಿತ ಕಾರ್ಯಕ್ರಮದಲ್ಲಿ ಚಿಕ್ಕ ತಂಡಕ್ಕೆ ಸಿಗುವ ಸಂಭಾವನೆ ಕೆಲವೊಮ್ಮೆ ವಾದ್ಯ ಸಾಗಿಸಿದ ಟೆಂಪೋ ಬಾಡಿಗೆಗೂ ಸಾಲುವುದಿಲ್ಲ. ಮೈದಾನದ ಮೂಲೆಯಲ್ಲಿ ಅವರ ಟೀಶರ್ಟ್, ಸ್ಟಿಕರ್ ಮಾರುವ ಮೇಜು ಇತ್ತೇ? ಅದಕ್ಕೆ ‘ಮರ್ಚ್’ ಎನ್ನುತ್ತಾರೆ, ಜೇಬಿನ ನೋಟು ಅಲ್ಲಿಗೂ ಬೇಕಿತ್ತು. ಅಂದು ಕೊಳ್ಳಲಾಗದಿದ್ದರೆ ಈಗ ಅವರ ಪುಟದಿಂದ ತರಿಸಿಕೊಳ್ಳಿ. ಮುಂದಿನ ತಿಂಗಳು ಅದೇ ತಂಡ ಖಾರ್‌ನಲ್ಲೋ ಲೋವರ್ ಪರೇಲ್‌ನಲ್ಲೋ ಚಿಕ್ಕ ಹಾಲಿನಲ್ಲಿ ಟಿಕೆಟ್ ಇಟ್ಟು ನುಡಿಸುತ್ತಿದ್ದರೆ ಎರಡು ಟಿಕೆಟ್ ತೆಗೆಯಿರಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.